ಆಲೂಗಡ್ಡೆ ಮತ್ತು ಟೊಮೆಟೊ ಪೈರುಗಳ ಅಂಗಮಾರಿ ರೋಗ

ಮುಂಗಾರಿನಲ್ಲಿ ಮೋಡ ಮುಸುಕಿ, ತಂಪು ಹವೆಯೊಡನೆ ತುಂತುರು ಮಳೆಯು ಬಿಡದೆ ಹಿಡಿದರೆ, ಹಾಸನದ ಕಡೆಯ ಆಲೂಗಡ್ಡೆ ಹೊಲಗಳಲ್ಲಿ ಅಂಗಮಾರಿಯು ತಲೆದೋರುವುದುಂಟು. ಎಲೆಗಳಲ್ಲಿ ನೀರಿನಿಂದ ನೆನೆದಂತಹ ಕಲೆಗಳು ಮೂಡಿ ಕಪ್ಪಾಗುವುವು. ಬೆಳಗಿನಲ್ಲಿ ಎಲೆಯ ತಳಭಾಗದಲ್ಲಿ ಬಿಳಿಯ ಬೂಷ್ಟು ಕಾಣುವುದು. ಕೆಲವೇ ದಿನಗಳಲ್ಲಿ ಪೈರೆಲ್ಲವೂ ಕೊಳೆತುಹೋಗಬಹುದು. ಟೊಮೆಟೊ ಗಿಡಗಳಿಗೂ ಇದೇ ರೋಗವು ತಗಲುವುದು. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ಹಾಳುಮಾಡಿ ಮಹಾಕ್ಷಾಮಕ್ಕೆ ಕಾರಣವಾದುದೂ ಇದೇ.

ರೋಗ ಹತ್ತಿದ ಎಲೆಯು ಪುನಃ ಗುಣವಾಗದು. ಆದುದರಿಂದ ರೋಗವು ಕಾಣುವ ಮುನ್ನವೇ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದು.

ತಯಾರಿಸುವ ಕ್ರಮ: 5 ಪೌಂಡು ಮೈಲುತುತ್ತವನ್ನು 25 ಗ್ಯಾಲನ್ ನೀರಿನಲ್ಲಿ ಕರಗಿಸಬೇಕು. 5 ಪೌಂಡು ಸುಟ್ಟ ಸುಣ್ಣವನ್ನು ಅರಳಿಸಿ, ಬೇರೆ 25 ಗ್ಯಾಲನ್ ನೀರಿನಲ್ಲಿ ಕದಡಿ ಶೋಧಿಸಬೇಕು. ಎರಡನ್ನೂ ಏಕಕಾಲದಲ್ಲಿ ಮೂರನೆಯ ಪಾತ್ರೆಗೆ ಸುರಿದು ಕಲಕಬೇಕು. ಪಾತ್ರೆಗಳು ಮರದವು ಅಥವಾ ಮಣ್ಣಿನವು ಆಗಿರಬೇಕು, ಕಬ್ಬಿಣದವು ಕೂಡದು. ಉಜ್ಜಿದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ದ್ರಾವಣವನ್ನು ಆ ದಿನವೇ ಎಲೆಗಳ ಎರಡು ಮಗ್ಗುಲಿಗೂ ಸಿಂಪಡಿಸಿ, 10-15 ದಿನಗಳಿಗೊಮ್ಮೆ ಪುನಃ ಸಿಂಪಡಿಸಬೇಕು. ಟೊಮೆಟೊ ಹಣ್ಣನ್ನು ಚೆನ್ನಾಗಿ ತೊಳೆದು ಉಪಯೋಗಿಸತಕ್ಕದ್ದು.

ಸಾಲುಗಳಿಗೆ ಮಣ್ಣೇರಿಸಿ ಗೆಡ್ಡೆಗಳನ್ನು ಮುಚ್ಚಿದರೆ ಅಂಗಮಾರಿಯ ಕೊಳೆಯೂ ಗೆಡ್ಡೆ ಕೊರೆಯುವ ಹುಳುವಿನ ಕಾಟವೂ ತಗ್ಗುವುವು. ರೋಗದ ಗೆಡ್ಡೆಗಳನ್ನು ಬಿತ್ತನೆಗೆ ಇಡದೆ, ತಿಪ್ಪೆಗೂ ಎಸೆಯದೆ, ಆಳವಾಗಿ ಹೂಳಬೇಕು.

ಈ ರೋಗದ ಕಣಗಳು ಗಾಳಿಯಲ್ಲಿ ಹರಡುವುವು. ಒಬ್ಬನ ಉದಾಸೀನದಿಂದ ಊರಿನವರೆಲ್ಲರ ಬೆಳೆಯೂ ಕೆಡುವುದು. ಆದಕಾರಣ ಗ್ರಾಮದ ಮುಖಂಡರು ಸಾಗುವಳಿದಾರರನ್ನು ಕೂಡಿಸಿ, ಸಿಂಪಡಿಸುವ ಪಂಪನ್ನು ಸರದಿಯಂತೆ ಕೊಡಿಸಿ, ಮಳೆ ಹೊಳವಾದೊಡನೆ ಎಲ್ಲ ಹೊಲಗಳಲ್ಲಿಯೂ ಕೆಲಸವು ನಡೆಯುವಂತೆ ಏರ್ಪಡಿಸುವುದು ಉತ್ತಮ.