ದುಡಿಯುತ್ತಿರುವ ಕಬ್ಬಿಣದ ಮೇಲ್ಮೈ



ತಾನು ವೆಚ್ಚವಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವೇ ಕ್ರಿಯಾವರ್ಧಕವೆಂದು ನಾವು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ವಾಕ್ಯವು ಸರಿಯೇ. ಆದರೆ ಅದು ಹೇಗೆ ಚುರುಕುಗೊಳಿಸುತ್ತದೆಂಬುದನ್ನು ಆ ವಾಕ್ಯವು ಹೇಳದು.

ಅಮೋನಿಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗಾಳಿಯ ಐದು ಪಾಲುಗಳಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವಷ್ಟೆ. ಅದರ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಪೈರು ಅದನ್ನು ನೇರವಾಗಿ ಉಪಯೋಗಿಸಲಾರದು. ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನು ಪಡೆಯುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿಕೊಟ್ಟರು. ಆಲ್ವಿನ್ ಮಿಟಾಷ್ ಸಾವಿರಾರು ಪರೀಕ್ಷೆಗಳನ್ನು ನಡೆಸಿ, ಅಗ್ಗವಾದ ಕಬ್ಬಿಣದ ಕ್ರಿಯಾವರ್ಧಕವನ್ನು ಸಿದ್ಧಪಡಿಸಿದರು. 1913ರಲ್ಲಿ ಕಾರ್ಲ್ ಬಾಷ್‌ರವರ ಪ್ರಯತ್ನದಿಂದ ಓಪೌ ಎಂಬಲ್ಲಿ ಕಾರ್ಖಾನೆಯು ಆರಂಭವಾಯಿತು. ಲೋಕದ ಸುಮಾರು ಅರ್ಧ ಜನರ ಅನ್ನವು ಇಂತಹ ಕಾರ್ಖಾನೆಗಳ ಗೊಬ್ಬರವನ್ನು ಅವಲಂಬಿಸಿದೆಯೆಂದು ಅಂದಾಜು.

ಆದರೂ ಕಬ್ಬಿಣದ ಮೇಲೆ ನಡೆಯುವುದೇನೆಂಬುದು ಬಹುಕಾಲ ಅಸ್ಪಷ್ಟವಾಗಿತ್ತು. ಗೆರ್ಹಾರ್ಡ್ ಎರ್ಟಲ್‌ರವರು ಶುದ್ಧ ಕಬ್ಬಿಣದ ಹರಳನ್ನು ನಿರ್ವಾತದಲ್ಲಿಟ್ಟು ಪರೀಕ್ಷಿಸಿ, ಸಾರಜನಕದ ಅಣುವು ಮೇಲ್ಮೈಯ ಮೇಲೆ ಎರಡಾಗಿ ಒಡೆಯುವುದೇ ಎಲ್ಲಕ್ಕಿಂತ ನಿಧಾನವಾದ ಹಂತವೆಂದು ತೋರಿಸಿದರು. ಮೇಲ್ಮೈಗಳ ರಸಾಯನಶಾಸ್ತ್ರದಲ್ಲಿ ಅವರು ನಡೆಸಿದ ಸಂಶೋಧನೆಗೆ 2007ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಕಾರ್ಖಾನೆಯಲ್ಲಾದರೋ ನಿರ್ವಾತವಿಲ್ಲ, ಅಲ್ಲಿ ನೂರು ವಾಯುಭಾರವನ್ನೂ ಮೀರಿದ ಒತ್ತಡವೂ 400 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಕಾವೂ ಇರುತ್ತವೆ. ಒಲೆ ಹೊತ್ತಿಸದ ಅಡಿಗೆಮನೆಯನ್ನು ನೋಡಿ ಅಡಿಗೆಯ ಕ್ರಮವನ್ನೆಲ್ಲ ಅರಿಯಲಾದೀತೇ? ಮೇಲ್ಮೈಗೆ ಎಕ್ಸ್-ಕಿರಣಗಳನ್ನು ಬೀರಿದರೆ ಹೊರಚಿಮ್ಮುವ ಎಲೆಕ್ಟ್ರಾನುಗಳು ಅಲ್ಲಿರುವ ಪರಮಾಣುಗಳ ಸ್ಥಿತಿಯನ್ನು ತಿಳಿಸುತ್ತವೆ; ಆದರೆ ಸುತ್ತ ಅನಿಲವು ದಟ್ಟವಾಗಿದ್ದರೆ ಅವು ದಾರಿಯಲ್ಲಿಯೇ ಚದರಿಹೋಗುವುವು. ಮೇಲ್ಮೈಗೆ ಅತಿಸಮೀಪದಲ್ಲಿ ಮಾತ್ರ ಅನಿಲವನ್ನು ಒದಗಿಸುವ ಉಪಕರಣದಿಂದ ಸ್ಟಾಕ್‌ಹೋಮ್ ವಿಶ್ವವಿದ್ಯಾನಿಲಯದ ತಂಡವು ಹಾಂಬುರ್ಗಿನಲ್ಲಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. ಒಂದು ವಾಯುಭಾರದವರೆಗಿನ ಒತ್ತಡದಲ್ಲಿ, ಅಮೋನಿಯವು ಉಂಟಾಗುತ್ತಿರುವಾಗಲೇ ಮೇಲ್ಮೈಯನ್ನು ಪರೀಕ್ಷಿಸಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿತು. ಆಗಲೂ ಕಬ್ಬಿಣವು ಲೋಹವಾಗಿಯೇ ಉಳಿದಿತ್ತು. ಕಾವು ಇಳಿದಾಗ ಅರ್ಧ ರೂಪುಗೊಂಡ ಸಾರಜನಕ-ಜಲಜನಕದ ಕಣಗಳು ಮೇಲ್ಮೈಯಲ್ಲಿ ನೆಲೆಗೊಂಡಿದ್ದುವು. ಆದುದರಿಂದ ಅಣುವು ಒಡೆಯುವುದು ಮಾತ್ರವಲ್ಲದೆ, ಜಲಜನಕವು ಸೇರುವ ಹಂತಗಳೂ ಆಗ ವೇಗವನ್ನು ತಡೆಯುವುವೆಂದು ತಿಳಿದುಬಂದಿತು.

ಇದರಿಂದ ಪ್ರಯೋಜನವೇನು? ಕಡಿಮೆ ಕಾವಿನಲ್ಲಿ ಅಮೋನಿಯವನ್ನು ಮಾಡಬೇಕಾದರೆ ಕ್ರಿಯಾವರ್ಧಕವು ಸಾರಜನಕವನ್ನು ಒಡೆದರೆ ಸಾಲದು. ತನ್ನ ಮೇಲ್ಮೈಯನ್ನು ಬೇಗನೆ ತೆರವು ಮಾಡಿಕೊಳ್ಳಲೂ ಬೇಕು. ಎರ್ಟಲ್‌ರವರ ಪಾಠವು ಸುಳ್ಳಾಗಲಿಲ್ಲ, ಮುಂದುವರಿಯಿತು. ನಿಮ್ಮ ಮಕ್ಕಳು ವ್ಯಾಖ್ಯೆಯನ್ನು ಒಪ್ಪಿಸಿದಾಗ, "ಅದು ಹೇಗೆ?" ಎಂದು ಇನ್ನೊಂದು ಪ್ರಶ್ನೆಯನ್ನೂ ಕೇಳಿರೆಂದು ನಮ್ಮ ವಿನಂತಿ.