ಸಾಲ ಮಾಡಿ ಕುರ್ಬಾನಿ ಕೊಡಬೇಕೇ?

ಪ್ರಶ್ನೆ: ಆಪಾ, ನಮ್ಮದು ಹಾವೇರಿ ಜಿಲ್ಲೆ. ಯಜಮಾನರು ಟೇಲರಿಂಗ್ ಮಾಡುತ್ತಾರೆ. ಹೋದ ಬಕ್ರೀದ್ ಮುಗಿದ ಮೇಲೆ ಅವರಿಗೆ ಹಾರ್ಟ್ ಆಪರೇಷನ್ ಆಯಿತು. ನನ್ನ ಬಳೆ, ಸರ ಅಡವಿಟ್ಟಿದ್ದೇವೆ. ಸಂಘದ ಸಾಲವೂ ಇದೆ. ಮಾವನವರ ಕಾಲದಿಂದ ನಮ್ಮ ಮನೆಯಲ್ಲಿ ಒಂದು ವರ್ಷವೂ ಕುರ್ಬಾನಿ ತಪ್ಪಿಲ್ಲ. ಈ ಸಲ ಬೇಡ ಅಂದರೆ ಅತ್ತೆ ಅಳುತ್ತಾರೆ, "ಓಣಿಯವರಿಗೆ ಹೆಂಗ ಮುಖ ತೋರಸೋದು? ಅವರ ಅಪ್ಪನ ಹೆಸರಿಗಾದರೂ ಒಂದು ಹೋತ ಬ್ಯಾಡೇನು?" ಅಂತಾರೆ. ಯಜಮಾನರು 25,000 ರೂಪಾಯಿ ಬಡ್ಡಿಗೆ ತರಲು ಹೊರಟಿದ್ದಾರೆ. ಇನ್ನೊಂದು ಚಿಂತೆ ಮಗನದು. 9 ವರ್ಷ. ಹೋದ ವರ್ಷ ತಂದ ಹೋತಕ್ಕೆ ತಾನೇ ಶೇಂಗಾ ಹೊಟ್ಟು ತಿನ್ನಿಸಿ, ರಾತ್ರಿ ಎದ್ದು ನೋಡಿ ಬರುತ್ತಿದ್ದ. ಅದನ್ನು ಕೊಯ್ದ ದಿನದಿಂದ ಮಟನ್ ಮುಟ್ಟಿಲ್ಲ. "ಅಲ್ಲಾಹನಿಗೆ ಅದರ ರಕ್ತ ಯಾಕೆ ಬೇಕು?" ಎಂದು ಕೇಳುತ್ತಾನೆ. ಈಮಾನ್ ಇಲ್ಲದ ಹುಡುಗ ಎಂದು ಅತ್ತೆ ಬೈಯುತ್ತಾರೆ. ನನಗೆ ದಿಕ್ಕೇ ತೋಚುತ್ತಿಲ್ಲ.

ಉತ್ತರ: ತಂಗಿ, ಆ ಬಡ್ಡಿ ಸಾಲದ ಮಾತನ್ನು ಇವತ್ತೇ ನಿಲ್ಲಿಸಿ. ಆಪರೇಷನ್‌ಗೆ ಮಾಡಿದ ಸಾಲ ಒಂದು ಜೀವ ಉಳಿಸಲು ಮಾಡಿದ್ದು, ಅದರ ಮಾತು ಬೇರೆ. ಕುರ್ಬಾನಿಗೆ ಅಂಥ ಅನಿವಾರ್ಯ ಇಲ್ಲವೇ ಇಲ್ಲ. ಕುರ್‌ಆನ್ ಕಟುವಾಗಿ ನಿಷೇಧಿಸಿದ ಬಡ್ಡಿಯನ್ನು ತಲೆಯ ಮೇಲೆ ಹೊತ್ತುಕೊಂಡು ಅಲ್ಲಾಹನನ್ನು ಮೆಚ್ಚಿಸುವ ದಾರಿ ನಮ್ಮ ದೀನ್‌ನಲ್ಲಿ ಇಲ್ಲ.

ಫತ್ವಾ ಕೊಡುವವಳು ನಾನಲ್ಲ. ಆದರೂ ಲೆಕ್ಕ ಹೇಗೆ ಹಾಕುತ್ತಾರೆಂದು ಹೇಳಬಲ್ಲೆ. ನಿಮ್ಮ ಕಡೆ ಹೆಚ್ಚಿನವರು ಹನಫಿಗಳು. ಹನಫಿಗಳಲ್ಲಿ ಕುರ್ಬಾನಿ ವಾಜಿಬ್, ಅಂದರೆ ಕಡ್ಡಾಯ. ಆದರೆ ಎಲ್ಲರಿಗೂ ಅಲ್ಲ. ದಿನನಿತ್ಯದ ಅಗತ್ಯ ಕಳೆದು, ಸಾಲ ಕಳೆದು, ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟಾದರೂ ಕೈಯಲ್ಲಿ ಉಳಿಯುವವರಿಗೆ ಮಾತ್ರ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಅವರಲ್ಲಿ ಇದು ಬಹಳ ಒತ್ತುಕೊಟ್ಟು ಹೇಳಿದ ಸುನ್ನತ್ತು, ಕಡ್ಡಾಯವಲ್ಲ. ಹನಫಿಗಳಲ್ಲಿ ಮನೆಯ ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ. ಯಜಮಾನರದು ಒಂದು, ನಿಮ್ಮದು ಒಂದು. ಅತ್ತೆಯವರ ಹತ್ತಿರ ಸ್ವಂತ ಬಂಗಾರವಿದ್ದರೆ ಅವರದೂ ಒಂದು. ಒಂದು ಹಾಳೆಯಲ್ಲಿ ಸಂಘದ ಸಾಲ, ಅಡವಿನ ಸಾಲ, ಅಂಗಡಿಯಲ್ಲಿರುವ ಬಟ್ಟೆ, ಕೈಯಲ್ಲಿರುವ ಹಣ ಎಲ್ಲ ಬರೆದು, ಯಜಮಾನರು ಮಸೀದಿಯ ಮೌಲಾನಾರನ್ನು ಕಾಣಲಿ. ಅಡವಿಟ್ಟ ಬಂಗಾರವನ್ನು ಹೇಗೆ ಹಿಡಿಯಬೇಕೆಂಬುದನ್ನೂ ಅವರಲ್ಲೇ ಕೇಳಲಿ. ಏನನ್ನೂ ಮುಚ್ಚಿಡಬೇಡಿ. ನೀವು ಬರೆದದ್ದನ್ನು ನೋಡಿದರೆ, ಈ ವರ್ಷ ಆ ಹೊರೆ ನಿಮ್ಮ ಮೇಲೆ ಇಲ್ಲವೆಂದೇ ನನಗೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಕುರ್ಬಾನಿ ವಾಜಿಬ್ ಆಗದ ಮನುಷ್ಯ ಅದೇ ನಿಯತ್ತಿನಿಂದ ಪ್ರಾಣಿಯನ್ನು ಕೊಂಡುಬಿಟ್ಟರೆ, ಆಮೇಲೆ ಅದನ್ನು ಕೊಡಲೇಬೇಕಾಗುತ್ತದೆ ಎಂದು ಹನಫಿ ಉಲಮಾಗಳು ಹೇಳುತ್ತಾರೆ. ಹಾಗಾಗಿ ಸಂತೆಗೆ ಹೋಗುವ ಮೊದಲೇ ತೀರ್ಮಾನವಾಗಲಿ. ಅಡ್ವಾನ್ಸ್ ಕೊಟ್ಟು ಬಂದಮೇಲೆ ಮನೆಯಲ್ಲಿ ಚರ್ಚೆ ಬೇಡ.

ಇನ್ನು ಓಣಿಯವರ ಮಾತು. ಬಕ್ರೀದ್ ಹತ್ತಿರ ಬಂತೆಂದರೆ ಅಮೀನಗಡದ ಟಗರು, ಬನ್ನೂರಿನ ಕುರಿ, ಯಾರದು ಎಷ್ಟು ಕೆ.ಜಿ., ಎಷ್ಟಕ್ಕೆ ತಂದರು ಎಂಬುದೇ ಸುದ್ದಿ. ಮೊಬೈಲಿನಲ್ಲಿ ಹಾರ ಹಾಕಿದ ಟಗರುಗಳ ಫೋಟೊ. ಇದು ನನ್ನ ಮನಸ್ಸಿಗೆ ನೋವು ಕೊಡುತ್ತದೆ. ಈ ರೋಗ ಇಂದಿನದಲ್ಲ. ಮದೀನಾದಲ್ಲಿ ಪ್ರವಾದಿಯವರಿಗೆ(ಸ) ತಮ್ಮ ಮನೆಯಲ್ಲೇ ಜಾಗ ಕೊಟ್ಟ ಅಬೂ ಅಯ್ಯೂಬ್ ಅನ್ಸಾರಿಯವರು ಇಳಿವಯಸ್ಸಿನಲ್ಲಿ ಇದನ್ನೇ ನೆನೆದು ಹೇಳಿದ್ದುಂಟು: ಆಗ ಒಂದು ಕುರಿ ಇಡೀ ಮನೆಗೆ ಸಾಕಾಗುತ್ತಿತ್ತು, ತಾವೂ ತಿಂದು ಇತರರಿಗೂ ತಿನ್ನಿಸುತ್ತಿದ್ದರು, ಆಮೇಲೆ ಜನ ಒಬ್ಬರ ಮೇಲೊಬ್ಬರು ಬಡಿವಾರಕ್ಕೆ ಇಳಿದರು ಎಂದು. ಮೊದಲ ಇಬ್ಬರು ಖಲೀಫರಾದ ಅಬೂಬಕರ್ ಮತ್ತು ಉಮರ್(ರ) ಕೆಲವೊಮ್ಮೆ ಬೇಕೆಂದೇ ಕುರ್ಬಾನಿ ಕೊಡದೆ ಇದ್ದರೆಂಬ ವರದಿಯೂ ಇದೆ. ತಮ್ಮನ್ನು ನೋಡಿ ಜನ ಇದು ಪ್ರತಿಯೊಬ್ಬನಿಗೂ ಕಡ್ಡಾಯವೆಂದು ತಿಳಿದುಬಿಟ್ಟಾರೆಂಬ ಅಂಜಿಕೆ ಅವರಿಗೆ. ಅಂಥವರು ಒಂದು ವರ್ಷ ಕೊಡದೆ ಇದ್ದದ್ದಕ್ಕೆ ಅವರ ಮಾನ ಹೋಗಲಿಲ್ಲ. ಗಂಡನ ಔಷಧಿಗೆ ಬಳೆ ಬಿಚ್ಚಿಕೊಟ್ಟ ನಿಮ್ಮ ಮಾನ ಯಾಕೆ ಹೋಗಬೇಕು?

ಅತ್ತೆಯವರ ಅಳು ಓಣಿಗಾಗಿ ಅಷ್ಟೇ ಅಲ್ಲ, ತೀರಿಕೊಂಡ ಗಂಡನಿಗಾಗಿ. ಅದನ್ನು ಹಗುರ ಮಾಡಬೇಡಿ. ಈ ವರ್ಷ ಕುರ್ಬಾನಿ ಬೇಡವೆಂಬ ಮಾತನ್ನು ನೀವು ಆಡುವುದಕ್ಕಿಂತ ಯಜಮಾನರೇ ಅವರ ಪಕ್ಕದಲ್ಲಿ ಕೂತು ಆಡಿದರೆ ಅವರಿಗೆ ನಾಟುತ್ತದೆ. ತೀರಿಹೋದವರ ಹೆಸರಿನ ಕುರ್ಬಾನಿ ಇಷ್ಟಪಟ್ಟು ಕೊಡುವಂಥದ್ದು, ಇಲ್ಲದಿದ್ದರೆ ದೋಷವಿಲ್ಲ. ಮಾವನವರ ಹೆಸರಿನಲ್ಲಿ ಒಬ್ಬರಿಗೆ ಊಟ ಹಾಕಬಹುದು, ದುಆ ಮಾಡಬಹುದು. ಅವರಿಗೆ ಇದನ್ನೂ ಹೇಳಲಿ: ಪ್ರವಾದಿಯವರು(ಸ) ಎರಡು ಟಗರು ಕೊಟ್ಟರು, ಒಂದು ತಮ್ಮ ಮತ್ತು ತಮ್ಮ ಮನೆಯವರ ಪರವಾಗಿ, ಇನ್ನೊಂದು ತಮ್ಮ ಉಮ್ಮತ್ತಿನಲ್ಲಿ ಕೊಡಲಾಗದವರ ಪರವಾಗಿ. ಆ ಎರಡನೆಯ ಟಗರಿನಲ್ಲಿ ನಿಮ್ಮ ಮನೆಯ ಹೆಸರೂ ಇದೆ, ತಂಗಿ. ಇದನ್ನು ಓದುವಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಹಬ್ಬದ ದಿನ ನಾಲ್ಕು ಮನೆಯಿಂದ ನಿಮ್ಮಲ್ಲಿಗೆ ಮಾಂಸ ಬರುತ್ತದೆ. ಇಷ್ಟು ವರ್ಷ ಹಂಚಿದವರಿಗೆ ಬಾಗಿಲಲ್ಲಿ ನಿಂತು ತೆಗೆದುಕೊಳ್ಳುವುದು ಕಷ್ಟ, ಗೊತ್ತು. ಆದರೆ ಮೂರು ಪಾಲು ಮಾಡಿ, ಒಂದು ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಬಡವರಿಗೆ ಎಂದು ಹಂಚುವುದೇ ಈ ಹಬ್ಬದ ರೀತಿ. ತೆಗೆದುಕೊಳ್ಳುವವರಿಲ್ಲದೆ ಅದು ಪೂರ್ತಿಯಾಗುವುದಿಲ್ಲ. ಸಂತೋಷದಿಂದ ತೆಗೆದುಕೊಳ್ಳಿ.

ಈಗ ನಿಮ್ಮ ಮಗನ ವಿಷಯ. ಅವನಿಗೆ ಈಮಾನ್ ಇಲ್ಲವೆಂದು ಯಾರೂ ಅನ್ನದಿರಲಿ. ಅವನು ಕೇಳಿದ ಪ್ರಶ್ನೆಗೆ ಕುರ್‌ಆನ್ ಸೂರಾ ಹಜ್ಜ್‌ನ 37ನೇ ಆಯತ್ತಿನಲ್ಲಿ ನೇರವಾಗಿ ಉತ್ತರ ಕೊಡುತ್ತದೆ: ಆ ಪ್ರಾಣಿಗಳ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನಿಗೆ ತಲುಪುವುದಿಲ್ಲ, ತಲುಪುವುದು ಕೊಡುವವರ ತಕ್ವಾ, ಅಂದರೆ ದೇವಭಯ. ನಿಮ್ಮ ಹುಡುಗನ ಅನುಮಾನ ಸರಿಯಾದ ಜಾಗದಲ್ಲೇ ಇದೆ. ರಕ್ತ ಅಲ್ಲಾಹನಿಗೆ ಬೇಕಿಲ್ಲ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಇದನ್ನು ಹೇಳಿ.

ಇಬ್ರಾಹೀಮರ(ಅ) ಕಥೆಯನ್ನೂ ಹೇಳಿ, ಆದರೆ ಪೂರ್ತಿ ಹೇಳಿ. ನಾವು ಕತ್ತಿ, ಸ್ವರ್ಗದ ಟಗರು ಅಷ್ಟನ್ನೇ ಹೇಳಿ ಮುಗಿಸುತ್ತೇವೆ. ಕುರ್‌ಆನ್‌ನಲ್ಲಿ ಅದಕ್ಕೂ ಮುಂಚಿನ ಒಂದು ಘಳಿಗೆ ಇದೆ. ಮಗನನ್ನು ಕುರ್ಬಾನಿ ಕೊಡುವ ಕನಸು ಕಂಡ ಅಪ್ಪ ಅವನನ್ನು ಎಳೆದುಕೊಂಡು ಹೋಗಲಿಲ್ಲ. ಕಂಡದ್ದನ್ನು ಅವನ ಮುಂದಿಟ್ಟು, ನಿನಗೆ ಏನು ಅನ್ನಿಸುತ್ತದೆ ನೋಡು ಎಂದು ಕೇಳಿದರು. ಮಗ ಒಪ್ಪಿದ. ಅಷ್ಟು ದೊಡ್ಡ ಪರೀಕ್ಷೆಯಲ್ಲೂ ಮಗನ ಅಭಿಪ್ರಾಯ ಕೇಳಿದ ತಂದೆಯ ಕಥೆ ಇದು. ಆ ಕಥೆಯ ಹಬ್ಬದಲ್ಲಿ ಒಂದು ಮಗುವಿನ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಪ್ರಾಣಿಯ ಮೇಲಿನ ಮರುಕ ದೀನ್‌ಗೆ ಹೊರಗಿನದೂ ಅಲ್ಲ. ಕುರಿ ಕೊಯ್ಯುವಾಗ ನನಗೆ ಮರುಕ ಹುಟ್ಟುತ್ತದೆ ಎಂದು ಒಬ್ಬರು ಹೇಳಿಕೊಂಡಾಗ, ಆ ಮರುಕಕ್ಕೆ ಅಲ್ಲಾಹನ ಕರುಣೆ ಸಿಗುತ್ತದೆಂದು ಪ್ರವಾದಿಯವರು(ಸ) ಭರವಸೆ ಕೊಟ್ಟರು. ಕುರಿಯನ್ನು ಮಲಗಿಸಿ ಅದರೆದುರೇ ಕತ್ತಿ ಮಸೆಯುತ್ತಿದ್ದವನನ್ನು ಗದರಿದರು. ಕತ್ತಿ ಹರಿತವಾಗಿರಬೇಕು, ಪ್ರಾಣಿಯ ಕಣ್ಣಿಗೆ ಬೀಳಬಾರದು, ಮೊದಲು ನೀರು ಕುಡಿಸಬೇಕು, ಇನ್ನೊಂದು ಪ್ರಾಣಿ ನೋಡುತ್ತಿರುವಾಗ ಕೊಯ್ಯಬಾರದು, ಜೀವ ಪೂರ್ತಿ ಹೋಗುವ ತನಕ ಚರ್ಮಕ್ಕೆ ಕೈ ಹಾಕಬಾರದು. ಹಬ್ಬದ ಬೆಳಿಗ್ಗೆ ಖಸಾಯಿ ಒಂದು ಮನೆಯಿಂದ ಇನ್ನೊಂದು ಮನೆಗೆ ಓಡುವ ಅವಸರದಲ್ಲಿ ಇವೆಲ್ಲ ಎಷ್ಟು ಕಡೆ ಪಾಲನೆಯಾಗುತ್ತವೆ? ಒಂದೇ ಗೋಡೆಗೆ ನಾಲ್ಕು ಹೋತಗಳನ್ನು ಕಟ್ಟಿ ಒಂದೊಂದಾಗಿ ಎಳೆದು ತರುವುದನ್ನು ದೊಡ್ಡವರಾದ ನಾವೇ ತಡೆಯಬೇಕು. ನಿಮ್ಮ ಮಗ ಹೋದ ವರ್ಷ ಏನು ನೋಡಿದ ಎಂದು ಒಮ್ಮೆ ಮೆಲ್ಲಗೆ ಕೇಳಿ. ಅವನು ನೊಂದದ್ದು ಕುರ್ಬಾನಿಗೋ, ನಮ್ಮ ಒರಟುತನಕ್ಕೋ ಎಂಬುದು ಅವನ ಮಾತಿನಲ್ಲೇ ಸಿಗಬಹುದು. ಮಕ್ಕಳು ನಿಂತು ನೋಡಲೇಬೇಕೆಂಬ ನಿಯಮವಿಲ್ಲ, ಮಾಂಸ ತಿನ್ನಲೇಬೇಕೆಂಬುದೂ ಇಲ್ಲ. ಅವನಿಗೆ ಬೇಕಾದದ್ದನ್ನು ಮಾಡಿ ಬಡಿಸಿ.

ಕೊನೆಗೆ, ಹಬ್ಬ ಖಾಲಿ ಹೋಗದಂತೆ ನೀವು ಮಾಡಬಹುದಾದ ಕೆಲಸ. ಜುಲ್‌ಹಜ್ 9ರಂದು ಕೈಲಾದವರು ಅರಫಾದ ಉಪವಾಸ ಹಿಡಿಯಿರಿ. ಯಜಮಾನರು ಡಾಕ್ಟರನ್ನು ಕೇಳದೆ ಹಿಡಿಯುವುದು ಬೇಡ. ಅವತ್ತಿನ ಫಜರ್‌ನಿಂದ 13ರ ಅಸರ್‌ವರೆಗೆ ಪ್ರತಿ ಫರ್ಜ್ ನಮಾಜಿನ ನಂತರದ ತಕ್ಬೀರನ್ನು ಮಗನಿಂದ ಜೋರಾಗಿ ಹೇಳಿಸಿ. ಚಂದ್ರ ಕಂಡ ದಿನದಿಂದ ಯಜಮಾನರು ಕೂದಲು, ಉಗುರು ತೆಗೆಯದೆ ಇದ್ದು, ಈದ್ ನಮಾಜ್ ಮುಗಿಸಿ ಬಂದಮೇಲೆ ತೆಗೆಯಲಿ. ಹಾಲು ಕರೆಯಲು ಯಾರೋ ಕೊಟ್ಟ ಒಂದು ಪ್ರಾಣಿ ಬಿಟ್ಟರೆ ಬೇರೇನೂ ಇಲ್ಲದ ಒಬ್ಬ ಮನುಷ್ಯ, ಅದನ್ನೇ ಕುರ್ಬಾನಿ ಕೊಡಲೇ ಎಂದು ಪ್ರವಾದಿಯವರನ್ನು(ಸ) ಕೇಳಿದ್ದ. ಬೇಡವೆಂದರು. ಕೂದಲು, ಉಗುರು, ಮೀಸೆ ತೆಗೆದುಕೊಂಡರೆ ಅಲ್ಲಾಹನ ಬಳಿ ಅದೇ ನಿನ್ನ ಪೂರ್ಣ ಕುರ್ಬಾನಿ ಎಂದರು. ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿ ಇದಿದೆ. ಮೌಲಾನಾರ ಬಾಯಿಂದಲೇ ಅತ್ತೆಯವರಿಗೆ ಇದನ್ನು ಕೇಳಿಸಿ.