ಹಿನ್ನೀರ ದಂಡೆಯಲ್ಲಿ ಡೇರೆ ಹಾಕುವ ಮುನ್ನ

ಕಳೆದ ಜನವರಿಯಲ್ಲಿ ಪರಿಚಯದ ಬ್ಯಾಂಕ್ ಉದ್ಯೋಗಿಯೊಬ್ಬರು ಕ್ಲಿನಿಕ್ಕಿಗೆ ಬಂದಿದ್ದರು. ಮನೆಯಲ್ಲಿ ಯಾರಿಗೂ ಕಾಯಿಲೆಯಿರಲಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ಭಾವಮೈದುನನ ಸಂಸಾರ ಎಲ್ಲ ಸೇರಿ ಎಂಟು ಜನ ಶರಾವತಿ ಹಿನ್ನೀರಿನ ದಂಡೆಯಲ್ಲಿ ಎರಡು ರಾತ್ರಿ ಡೇರೆ ಹಾಕಿ ತಂಗುವುದೆಂದು ನಿಶ್ಚಯವಾಗಿತ್ತು. "ಡಾಕ್ಟ್ರೇ, ಈ ಔಷಧಿ ಸಾಕೇ ನೋಡಿ" ಎಂದು ಚೀಟಿಯೊಂದನ್ನು ಮುಂದಿಟ್ಟರು. ಜ್ವರ, ಭೇದಿ, ವಾಂತಿ, ಅಲರ್ಜಿ, ಮೈಕೈ ನೋವು ಒಂದೊಂದಕ್ಕೂ ಮಾತ್ರೆಯ ಹೆಸರಿತ್ತು. ಹಾವು ಬಾರದಂತೆ ಡೇರೆಯ ಸುತ್ತ ಹಾಕಲು ಗಂಧಕದ ಪುಡಿಯೂ ಇತ್ತು.

"ಮಕ್ಕಳಿಗೆ ಈಜು ಬರುತ್ತದೆಯೇ?" ಎಂದು ಕೇಳಿದೆ.

"ಇಲ್ಲ. ಆದರೆ ನಾವು ಅವರನ್ನು ನೀರಿಗೆ ಇಳಿಸುವುದೇ ಇಲ್ಲವಲ್ಲ!" ಎಂದರು.

ಈ ಉತ್ತರವನ್ನು ನಾನು ಹಿಂದೆಯೂ ಕೇಳಿದ್ದೇನೆ. ಎರಡು ದಿನ ನೀರಿನ ಪಕ್ಕದಲ್ಲೇ ಮಲಗಿ ಏಳುವ ಮಕ್ಕಳು ನೀರಿಗೆ ಇಳಿಯುವುದಿಲ್ಲ ಎಂದು ನಂಬುವುದು ದೊಡ್ಡವರು ಮಾತ್ರ. ಕಾಡಿನ ಪ್ರವಾಸ ಎಂದೊಡನೆ ನಮಗೆ ನೆನಪಾಗುವುದು ಹುಲಿ, ಕರಡಿ, ಹಾವು. ವೈದ್ಯನಾಗಿ ನನಗೆ ಮೊದಲು ನೆನಪಾಗುವುದು ನೀರು, ಅನಂತರ ಎಳ್ಳುಕಾಳಿನಷ್ಟು ಸಣ್ಣದೊಂದು ಉಣುಗು.

ಹಿನ್ನೀರು ಊರ ಕೆರೆಯಂತಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಮುಳುಗಿದ್ದು ಗುಡ್ಡ, ಕಣಿವೆ, ಗದ್ದೆ, ಊರು. ಆದ್ದರಿಂದ ಇಂದು ನೀವು ದಡ ಎಂದು ಕರೆಯುವುದು ಎಷ್ಟೋ ಕಡೆ ಗುಡ್ಡದ ಇಳಿಜಾರು. ಮೊಣಕಾಲಿನ ನೀರಿನಲ್ಲಿ ನಿಂತವರು ಎರಡು ಹೆಜ್ಜೆ ಮುಂದಿಟ್ಟರೆ ತಲೆ ಮುಳುಗುವಷ್ಟು ಆಳವಿರಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮರದ ಬೊಡ್ಡೆಗಳು ಮೇಲೇಳುತ್ತವೆ, ಒಣಗಿದಂತೆ ಕಾಣುವ ದಡದ ಕೆಸರು ಮೊಣಕಾಲವರೆಗೂ ಎಳೆದುಕೊಳ್ಳುತ್ತದೆ. ಈಜು ಬಲ್ಲವರೂ ಇಂಥ ಕಡೆ ಮೋಸ ಹೋಗುತ್ತಾರೆ.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಗಾಳಿ ಸಾಲದು, ಇನ್ನು ಕೂಗುವುದೆಲ್ಲಿ? ಒಂದೆರಡು ನಿಮಿಷದಲ್ಲಿ ಸದ್ದಿಲ್ಲದೆ ಎಲ್ಲ ಮುಗಿದುಹೋಗಬಹುದು. ನಾನು ಹೊಸದಾಗಿ ವೃತ್ತಿಗೆ ಸೇರಿದ ವರ್ಷ, ಪ್ರವಾಸಕ್ಕೆ ಬಂದವರು ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಜೀಪಿನಲ್ಲಿ ಹೊತ್ತು ತಂದರು. ದಡದಲ್ಲಿ ಇಪ್ಪತ್ತು ಜನರಿದ್ದರಂತೆ. ಅಡಿಗೆಯವರು ಗಂಡಸರು ನೋಡುತ್ತಿದ್ದಾರೆಂದುಕೊಂಡಿದ್ದರು, ಇಸ್ಪೀಟು ಆಡುತ್ತಿದ್ದ ಗಂಡಸರು ಹೆಂಗಸರು ನೋಡುತ್ತಿದ್ದಾರೆಂದುಕೊಂಡಿದ್ದರು. ಹುಡುಗನನ್ನು ಬೇಗನೇ ಮೇಲೆತ್ತಿದ್ದರು. ಆದರೆ ನೀರು ಕಕ್ಕಿಸಬೇಕೆಂದು ಕಾಲು ಹಿಡಿದು ತಲೆಕೆಳಗೆ ಮಾಡಿದ್ದರು, ಹೊಟ್ಟೆ ಒತ್ತಿದ್ದರು, ಬೋರಲು ಮಲಗಿಸಿ ಬೆನ್ನು ತಿಕ್ಕಿದ್ದರು. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕೆಂಬುದು ಇಪ್ಪತ್ತು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ನನ್ನ ಬಳಿ ಬಂದಾಗ ಮಾಡಲು ಏನೂ ಉಳಿದಿರಲಿಲ್ಲ. ಆ ತಂದೆ ಕೇಳಿದ ಪ್ರಶ್ನೆ ಒಂದೇ: "ಅಲ್ಲೇ ಏನಾದರೂ ಮಾಡಬಹುದಿತ್ತೇ?" ನಾನು ಆಗ ಸರಿಯಾಗಿ ಉತ್ತರ ಕೊಡಲಿಲ್ಲ.

ಮಾಡಬಹುದಾದದ್ದು ಇದು. ಮುಳುಗುತ್ತಿರುವವರನ್ನು ಕಂಡು ಧುಮುಕಬೇಡಿ. ಹಗ್ಗ, ಸೀರೆ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಯಾವುದು ಸಿಕ್ಕರೂ ಎಸೆಯಿರಿ. ದಡಕ್ಕೆ ತಂದ ಮೇಲೆ ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿ, ಮೂಗು ಹಿಡಿದು, ಎದೆ ಉಬ್ಬುವಷ್ಟು ಐದು ಸಲ ಬಾಯಿಂದ ಉಸಿರು ಊದಿ. ಆಗಲೂ ಚಲನೆಯಿಲ್ಲದಿದ್ದರೆ ಎದೆಯ ನಡುಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈಯ ಬುಡವಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಬಲವಾಗಿ ಒತ್ತಿ, ಎರಡು ಸಲ ಉಸಿರು ಕೊಡಿ. ಹೀಗೆಯೇ ಮುಂದುವರಿಸಿ. ಹೊಟ್ಟೆಯ ನೀರಿನ ಚಿಂತೆ ಬೇಡ. ಮಗು ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಶ್ವಾಸಕೋಶಕ್ಕೆ ಹೋದ ನೀರಿನ ಪರಿಣಾಮ ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳುವುದುಂಟು. ಓದಿದರೆ ಇದು ಕೈಗೆ ಬರುವುದಿಲ್ಲ, ಹೊರಡುವ ಮೊದಲು ನಿಮ್ಮ ವೈದ್ಯರಲ್ಲಿ ಒಮ್ಮೆ ಮಾಡಿ ತೋರಿಸಲು ಹೇಳಿ.

ಬ್ಯಾಂಕಿನ ಮಿತ್ರರ ಚೀಟಿಯಲ್ಲಿ ನಾನು ಮೊದಲು ಬರೆದದ್ದು ಮಕ್ಕಳ ಅಳತೆಯ ಲೈಫ್ ಜಾಕೆಟ್ಟು. ತೊಡಿಸಿದ ಮೇಲೆ ಭುಜದ ಹತ್ತಿರ ಹಿಡಿದೆತ್ತಿ ನೋಡಿ. ಕಿವಿಯವರೆಗೆ ಜಾರಿ ಬಂದರೆ ಅದು ಆ ಮಗುವಿನದಲ್ಲ. ಎರಡನೆಯದು ಹಗ್ಗ. ಮೂರನೆಯದು ಕಾವಲಿನ ಸರದಿ: ಗಂಟೆಗೊಬ್ಬರು, ಹೆಸರು ಬರೆದು. ಸರದಿಯವರ ಕೈಯಲ್ಲಿ ಫೋನೂ ಇರಬಾರದು, ಲೋಟವೂ ಇರಬಾರದು. ಹೇಳಲು ಸಂಕೋಚವಾದರೂ ಹೇಳಬೇಕು. ಕುಡಿದು ರಾತ್ರಿ ನೀರಿಗೆ ಇಳಿಯುವುದು ಮಕ್ಕಳಲ್ಲ, ಅವರ ಅಪ್ಪಂದಿರು, ಚಿಕ್ಕಪ್ಪಂದಿರು.

ಇನ್ನು ಉಣುಗಿನ ವಿಷಯ. ಕೆಲವರು ಇದನ್ನು ಉಣ್ಣೆ ಎನ್ನುತ್ತಾರೆ. ಮಳೆಗಾಲದಲ್ಲಿ ಇಂಬಳಗಳ ಕಾಟವೆಂದು ಜನ ಮಲೆನಾಡಿನ ಕಾಡಿಗೆ ಹೋಗುವುದಿಲ್ಲ. ಇಂಬಳ ಕಚ್ಚಿದರೆ ಒಂದಿಷ್ಟು ರಕ್ತ ಹೋದೀತು, ಅಷ್ಟೆ. ನೆಲ ಒಣಗಿ, ಹಿತವಾದ ಚಳಿ ಬಿದ್ದು, ಡೇರೆ ಹಾಕಲು ಹೇಳಿ ಮಾಡಿಸಿದಂತಿರುವ ಡಿಸೆಂಬರ್‌ನಿಂದ ಮೇವರೆಗಿನ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. ಆಗ ಎಳೆಯ ಉಣುಗುಗಳು ತರಗೆಲೆಗಳ ನಡುವೆ ಹೇರಳವಾಗಿರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ವೈರಸ್ ರೋಗ 2019ರ ವೇಳೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರನ್ನು ಬಲಿ ತೆಗೆದುಕೊಂಡಿತು. ರೋಗ ತಗಲಿದ ನೂರು ಜನರಲ್ಲಿ ಮೂರರಿಂದ ಐವರು ಸಾಯುತ್ತಾರೆ. ಇದಕ್ಕೆಂದೇ ಔಷಧಿಯಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಿದ್ದಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವೆಂಬುದೊಂದೇ ಸಮಾಧಾನ.

ಆದ್ದರಿಂದ ಜಾಗ ಆರಿಸುವ ಮುನ್ನ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಈ ವರ್ಷ ಸುತ್ತಮುತ್ತ ಕಾಯಿಲೆ ಇದೆಯೇ, ಮಂಗಗಳು ಸತ್ತಿವೆಯೇ ಎಂದು ವಿಚಾರಿಸಿ. ಇದೆ ಎಂದರೆ ಪ್ರವಾಸವನ್ನು ಬೇರೆ ಕಡೆಗೆ ಇಟ್ಟುಕೊಳ್ಳಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಆ ಜಾಗದಲ್ಲೇ ಹೊಸ ಮೈಗಾಗಿ ಕಾದಿರುತ್ತವೆ. ಹೆಣ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತರಗೆಲೆಯ ಮೇಲೆ ಕೂರುವುದು ಬೇಡ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ರೋಗವಿರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನೋ ಔಷಧಿ ಅಂಗಡಿಯ ಡೀಟ್ ಮುಲಾಮನ್ನೋ ಕೈಕಾಲಿಗೆ ಹಚ್ಚಿ. ಸಂಜೆ ಬಟ್ಟೆ ಬದಲಿಸಿ, ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಒಬ್ಬರ ಮೈಯನ್ನು ಇನ್ನೊಬ್ಬರು ನೋಡಿ: ಕಿವಿಯ ಹಿಂದೆ, ಕಂಕುಳು, ಹೊಕ್ಕುಳು, ತೊಡೆಸಂದು. ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ತಾಗಿಸಬಾರದು. ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆದು, ಸೋಪಿನಲ್ಲಿ ತೊಳೆಯಬೇಕು. ಬೆರಳಿನಿಂದ ಹಿಸುಕಬಾರದು.

ಹಾವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಂಧಕದ ಪುಡಿಯಿಂದ ಹಾವು ಹಿಂದಿರುಗುವುದಿಲ್ಲ, ಜಿಪ್ ಮುಚ್ಚಿದ ಡೇರೆಯೊಳಗೆ ಬರುವುದೂ ಇಲ್ಲ. ರಾತ್ರಿ ಓಡಾಡಲು ಟಾರ್ಚು, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳುವ ಅಭ್ಯಾಸ, ಇಷ್ಟು ಇರಲಿ. ಕಟ್ಟುಹಾವಿನ ಕಡಿತ ನೋಯದಿರಬಹುದು. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋಲುತ್ತಿದ್ದರೆ ಅದನ್ನು ಅಜೀರ್ಣವೆಂದು ತಿಳಿಯಬೇಡಿ. ಕಡಿತಕ್ಕೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಅಂಗವನ್ನು ಅಲುಗಾಡಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಸೇರಿಸಿ. ಆ ಆಸ್ಪತ್ರೆ ಯಾವುದು, ಎಷ್ಟು ದೂರ ಎಂಬುದನ್ನು ಮೊದಲೇ ತಿಳಿದಿರಬೇಕು. ಹಿನ್ನೀರಿನ ಎಷ್ಟೋ ಕಡೆ ಮೊಬೈಲು ಹತ್ತುವುದಿಲ್ಲ. 108ಕ್ಕೆ ಫೋನ್ ಮಾಡಲು ಎಲ್ಲಿಯವರೆಗೆ ನಡೆಯಬೇಕೆಂದು ಮೊದಲ ದಿನವೇ ನೋಡಿಕೊಳ್ಳಿ. ಚಳಿಯೆಂದು ಕೆಂಡದ ಬಾಣಲೆಯನ್ನು ಡೇರೆಯೊಳಗಿಟ್ಟು ಮಲಗಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಕುಡಿಯುವ ನೀರನ್ನು ಕುದಿಸಿ. ಭೇದಿಗೆ ಓ.ಆರ್.ಎಸ್. ಪೊಟ್ಟಣ ಸಾಕು.

ಮಿತ್ರರ ಚೀಟಿಯಿಂದ ಮೈಕೈ ನೋವಿನ ಮಾತ್ರೆಗಳನ್ನು ಹೊಡೆದುಹಾಕಿ ಪ್ಯಾರಾಸಿಟಮಾಲ್ ಒಂದನ್ನೇ ಉಳಿಸಿದೆ. ರಕ್ತಸ್ರಾವವಾಗಬಹುದಾದ ಜ್ವರಗಳಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಅಪಾಯಕಾರಿ. ಅವರು ಹೋಗಿ ಬಂದರು. ಮಗಳ ಕಿವಿಯ ಹಿಂದೆ ಒಂದು ಉಣುಗು ಸಿಕ್ಕಿತ್ತು. ಎರಡು ವಾರ ದಿನಾ ಥರ್ಮಾಮೀಟರ್ ಇಡಲು ಹೇಳಿದೆ, ಜ್ವರ ಬರಲಿಲ್ಲ.

ಬಂದಿದ್ದರೆ? ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ವಿಪರೀತ ಜ್ವರ, ತಲೆನೋವು, ಮೈನೋವಿನಿಂದ ಶುರುವಾಗುತ್ತದೆ. ಇಲಿಜ್ವರ ತಿಂಗಳವರೆಗೂ ತಡೆದು ಬರಬಹುದು. ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರದಲ್ಲಿ ಮೈಯ ಮರೆಯಲ್ಲೆಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆಯಿರುತ್ತದೆ. ಇವೆರಡಕ್ಕೂ ಒಳ್ಳೆಯ ಔಷಧಿಯಿದೆ, ಬೇಗ ಗುರುತಿಸಿದರೆ. ಅಷ್ಟು ಹೊತ್ತಿಗೆ ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತೀರಿ. ಅಲ್ಲಿನ ವೈದ್ಯರು ಡೆಂಗಿ, ಟೈಫಾಯ್ಡ್ ಎಂದು ಹುಡುಕುತ್ತಾರೆ, ಅದು ಅವರ ತಪ್ಪಲ್ಲ. "ಇಂಥ ತಾರೀಕು ಇಂಥ ಕಾಡಿನಲ್ಲಿ ಎರಡು ರಾತ್ರಿ ಮಲಗಿದ್ದೆವು, ಉಣುಗು ಕಚ್ಚಿತ್ತು" ಎಂಬ ಮಾತನ್ನು ಅವರು ಕೇಳುವ ಮೊದಲು ನೀವೇ ಹೇಳಿ, ಚೀಟಿಯ ಮೇಲೆ ಬರೆಸಿ.